ಎರಡು ಔನ್ಸ್ ಕ್ವಿನೈನ್: ತೀರ್ಥಹಳ್ಳಿ ಸೀಮೆಯ ಒಂದು ಜ್ವರದ ಮನೆಯ ಪ್ರಕರಣ

ಮೊದಲ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ, ಅಡಿಕೆ ಕೊಯ್ಲಿನ ಕಾಲದಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಒಂದು ಒಂಟಿಮನೆಯಲ್ಲಿ ಈ ಪ್ರಕರಣ ನಡೆಯಿತು. ಚಿಕಿತ್ಸೆ ಮಾಡಿದವರು ಆಗ ಆ ಭಾಗದ ಸರ್ಕಾರಿ ಔಷಧಾಲಯವೊಂದರಲ್ಲಿ ಸಬ್ ಅಸಿಸ್ಟೆಂಟ್ ಸರ್ಜನ್ ಆಗಿದ್ದ ನನ್ನ ಮುತ್ತಜ್ಜ. ಅವರು ಸ್ವಂತಕ್ಕೆಂದು ಬರೆದಿಟ್ಟುಕೊಂಡಿದ್ದ ಒಂದು ದಿನಚರಿ ಪುಸ್ತಕ ನಮ್ಮ ಮನೆಯಲ್ಲಿದೆ. ಆ ಒಂಟಿಮನೆಯ ಕಡೆಯ ಮಾತನ್ನು ಅಲ್ಲಿಯ ಮೊಮ್ಮಗಳೊಬ್ಬರು ತಮ್ಮ ಇಳಿವಯಸ್ಸಿನಲ್ಲಿ ನನಗೆ ಹೇಳಿದರು. ಎರಡನ್ನೂ ಎದುರುಬದುರು ಇಟ್ಟು ನೋಡಿದಾಗ, ಇದೇ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿದ ನನಗೆ, ಮುತ್ತಜ್ಜನ ಲೆಕ್ಕ ಎಲ್ಲಿ ಸರಿಯಾಗಿತ್ತು, ಎಲ್ಲಿ ತಪ್ಪಿತು ಎಂಬುದು ಸಾಕಷ್ಟು ಸ್ಪಷ್ಟವಾಯಿತು. ಮನೆಯ ಹೆಸರನ್ನೂ ಊರಿನ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ.

ಆ ಕಾಲದ ಮಲೆನಾಡಿನಲ್ಲಿ ಚಳಿಜ್ವರವೆಂಬುದು, ಅಂದರೆ ಮಲೇರಿಯಾ, ಬಂದು ಹೋಗುವ ನೆಂಟನಾಗಿರಲಿಲ್ಲ, ಮನೆಯಲ್ಲೇ ಉಳಿದ ದಾಯಾದಿಯಾಗಿತ್ತು. ಜನಗಣತಿಯಿಂದ ಜನಗಣತಿಗೆ ಮಲೆನಾಡಿನ ತಾಲ್ಲೂಕುಗಳಲ್ಲಿ ಜನಸಂಖ್ಯೆ ಬೆಳೆಯದೆ ನಿಲ್ಲುತ್ತಿದ್ದುದು, ಕೆಲವೆಡೆ ಇಳಿಯುತ್ತಲೇ ಇದ್ದುದು ಮೈಸೂರು ಸರ್ಕಾರಕ್ಕೆ ಚಿಂತೆಯ ವಿಷಯವಾಗಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ಮಲೆನಾಡು ಸುಧಾರಣೆಗೆಂದೇ ಪ್ರತ್ಯೇಕ ಯೋಜನೆ ರೂಪುಗೊಂಡದ್ದಕ್ಕೆ ಇದೂ ಒಂದು ಕಾರಣ. ಬೀರೂರಿನಿಂದ ಬಂದ ರೈಲು 1899ರಿಂದ ಶಿವಮೊಗ್ಗದಲ್ಲೇ ನಿಂತಿತ್ತು. ಅಲ್ಲಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್ ಗಾಡಿರಸ್ತೆ, ಅದರಾಚೆ ಕಾಲುದಾರಿ. ಔಷಧಿಯ ಪೆಟ್ಟಿಗೆ ಎತ್ತಿನ ಗಾಡಿಯಲ್ಲಿ ಬರಬೇಕಿತ್ತು. ಈ ಜ್ವರದ ಮದ್ದಾದ ಕ್ವಿನೈನನ್ನು ತೆಗೆಯುವುದು ಸಿಂಕೋನಾ ಮರದ ತೊಗಟೆಯಿಂದ. ಜಗತ್ತಿನ ಸಿಂಕೋನಾ ತೊಗಟೆಯ ಬಹುಪಾಲು ಡಚ್ಚರ ಕೈಯಲ್ಲಿದ್ದ ಜಾವಾ ದ್ವೀಪದಿಂದ ಬರುತ್ತಿತ್ತು. ನೀಲಗಿರಿಯ ಸರ್ಕಾರಿ ತೋಟಗಳಿಂದಲೂ ಬರುತ್ತಿತ್ತಾದರೂ, ಯುದ್ಧದ ಬೇಡಿಕೆಯ ನಡುವೆ ಒಂದು ಸಣ್ಣ ಔಷಧಾಲಯದ ಕಪಾಟಿಗೆ ತಲುಪುವ ಹೊತ್ತಿಗೆ ಕ್ವಿನೈನ್ ಎಣಿಸಿ ಕೊಡುವ ವಸ್ತುವಾಗಿತ್ತು.

ಕರೆ ಬಂದದ್ದು ಮನೆಯ ಸೊಸೆಗಾಗಿ. ಅವಳು ಘಟ್ಟದ ಕೆಳಗಿನಿಂದ ಮದುವೆಯಾಗಿ ಬಂದು ಎರಡನೆಯ ವರ್ಷ, ಚೊಚ್ಚಲ ಬಸುರಿ, ಐದು ತಿಂಗಳು. ಮೊದಲು ದಿನ ಬಿಟ್ಟು ದಿನ ಬರುತ್ತಿದ್ದ ಚಳಿ ಮೂರನೆಯ ವಾರಕ್ಕೆ ಹೊತ್ತುಗೊತ್ತಿಲ್ಲದೆ ಬರತೊಡಗಿತ್ತು. ಅಷ್ಟರಲ್ಲಿ ನೆಲಬೇವಿನ ಕಷಾಯ, ಅಮೃತಬಳ್ಳಿಯ ಕಷಾಯ, ನೋಟ ಕೇಳಿಸಿ ಕಟ್ಟಿಸಿದ ಅಂತ್ರ, ಊರ ಭೂತಕ್ಕೊಂದು ಹರಕೆ ಎಲ್ಲವೂ ಆಗಿದ್ದವು. ಡಾಕ್ಟರನ್ನು ಕರೆಯುವುದೆಂದರೆ ಕೊನೆಯ ಮಾತು. ಅದಕ್ಕೆ ಆಳು ಕಳಿಸಿ, ಗಾಡಿ ಹೂಡಿಸಿ, ಬಂದವರಿಗೆ ಊಟ ಉಪಚಾರ ನೋಡಿಕೊಳ್ಳಬೇಕು. ಹದಿನಾಲ್ಕು ಮೈಲಿಯ ದಾರಿಯಲ್ಲಿ ಎಂಟು ಮೈಲಿ ಗಾಡಿ. ಉಳಿದದ್ದನ್ನು ಮುತ್ತಜ್ಜ ಜವಾನನ ತಲೆಯ ಮೇಲೆ ಔಷಧಿಯ ಪೆಟ್ಟಿಗೆ ಹೊರಿಸಿ, ಎರಡು ಹಳ್ಳಗಳನ್ನು ಅಡಿಕೆಮರದ ಸಂಕದ ಮೇಲೆ ದಾಟಿ, ನಡೆದೇ ಹೋದರು. ದಿನಚರಿಯಲ್ಲಿ ಆ ನಡಿಗೆಯ ಬಗ್ಗೆ ಇರುವುದು ಒಂದೇ ವಿಷಯ: ಎರಡನೆಯ ಹಳ್ಳದ ನೀರು ತಿಳಿಯಾಗಿತ್ತು, ದಡದ ಹುಲ್ಲು ನೀರಿನೊಳಗೆ ಬಾಗಿತ್ತು, ಅಲ್ಲಿ ನೀರು ಹರಿಯುತ್ತಿದೆಯೋ ಇಲ್ಲವೋ ಎಂಬಂತಿತ್ತು.

ಈ ಒಂದು ವಿಷಯವನ್ನು ನಾನು ಹಲವು ಸಲ ಓದಿದ್ದೇನೆ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರ ಆಗಸ್ಟ್ 20ರಂದು. ಅದಾಗಿ ಇಪ್ಪತ್ತು ವರ್ಷದೊಳಗೆ ಮಲೆನಾಡಿನ ಕಾಲುದಾರಿಯಲ್ಲಿ ನಡೆಯುತ್ತಿದ್ದ ಒಬ್ಬ ಕೆಳದರ್ಜೆಯ ಸರ್ಕಾರಿ ವೈದ್ಯ ಹಳ್ಳದ ಅಂಚಿನ ಹುಲ್ಲನ್ನು ನೋಡಿ ಬರೆದಿಟ್ಟುಕೊಂಡಿದ್ದಾನೆ. ಮಲೆನಾಡಿನ ಜ್ವರಕ್ಕೆ ಮುಖ್ಯ ಕಾರಣವಾದ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ ಮೊಟ್ಟೆಯಿಡುವುದು ಕೊಳೆತ ಚರಂಡಿಯಲ್ಲಲ್ಲ, ಇಂಥದೇ ತಿಳಿನೀರಿನ, ಮೆಲ್ಲಗೆ ಹರಿಯುವ ತೊರೆಯ ಹುಲ್ಲಂಚಿನಲ್ಲಿ. ಜಡಿಮಳೆ ಅದರ ಮರಿಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಮಳೆ ಹಿಂದಾಗಿ ಹಳ್ಳ ಇಳಿದು ತಿಳಿಯಾದ ಮೇಲೆ ಅದಕ್ಕೆ ಸುಗ್ಗಿ. ಅಡಿಕೆ ಕೊಯ್ಲು ಶುರುವಾಗುವುದೂ, ಮನೆಮನೆಗೆ ಹೊರಗಿನ ಆಳುಗಳು ಬಂದು ಸೇರುವುದೂ ಅದೇ ಹೊತ್ತಿಗೆ. ನೀರು ಕೆಟ್ಟದ್ದರಿಂದ ಜ್ವರ ಬರುತ್ತದೆಂದು ಜನ ನಂಬಿದ್ದರು. ನೋಡಲು ಆ ನೀರಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ, ಅವರು ಅದನ್ನೇ ಕುಡಿಯುತ್ತಿದ್ದರು.

ಮನೆಗೆ ತಲುಪಿದಾಗ ಸಂಜೆ. ಅಂಗಳದ ಮೂಲೆಯಲ್ಲಿ ಅಡಿಕೆ ಬೇಯುವ ಹಂಡೆ, ಚಪ್ಪರದ ಕೆಳಗೆ ಮೆಟ್ಟುಗತ್ತಿಗಳ ಮುಂದೆ ಕುಳಿತ ಸುಲಿಯುವವರು, ಆದರೆ ಕತ್ತಿಗಳಲ್ಲಿ ಅರ್ಧಕ್ಕೆ ಆಳಿಲ್ಲ. ಮುತ್ತಜ್ಜ ಸೊಸೆಯನ್ನು ನೋಡಿದರು: ಮೈ ಸುಡುತ್ತಿತ್ತು, ಕಣ್ಣಿನ ಕೆಳರೆಪ್ಪೆ ಬೆಳ್ಳಗೆ, ಗುಲ್ಮ ಪಕ್ಕೆಲುಬಿನ ಕೆಳಗೆ ಎರಡು ಬೆರಳಿನಷ್ಟು ಮೆದುವಾಗಿ ಸಿಗುತ್ತಿತ್ತು. ಅದಾದ ಮೇಲೆ ಅವರು, ಯಾರೂ ಹೇಳದಿದ್ದರೂ, ಜಗಲಿಯಲ್ಲಿ ಆಡುತ್ತಿದ್ದ ಮನೆಯ ಮೂರು ಮಕ್ಕಳನ್ನು ಒಬ್ಬೊಬ್ಬರಾಗಿ ಚಾಪೆಯ ಮೇಲೆ ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದರು. ಮೂವರಿಗೂ ಜ್ವರವಿರಲಿಲ್ಲ. ಮೂವರಿಗೂ ಜ್ವರಗಡ್ಡೆ, ಅಂದರೆ ಊದಿಕೊಂಡ ಗುಲ್ಮ, ಇತ್ತು. ನಡುವಿನವನಿಗೆ ಅದು ಹೊಕ್ಕುಳಿನವರೆಗೆ ಗಟ್ಟಿಯಾಗಿ ಇಳಿದಿತ್ತು, ಅದರ ಮೇಲೆ ಹಳೆಯ ಬರೆಯ ಗುರುತೂ ಇತ್ತು. ಆಮೇಲೆ ಅವರು ತೋಟದ ಬದಿಯ ಬಿಡಾರಕ್ಕೆ ಹೋದರು. ಘಟ್ಟದ ಕೆಳಗಿನಿಂದ ಕೊಯ್ಲಿಗೆ ಬಂದಿದ್ದ ಆಳುಗಳಲ್ಲಿ ಒಂಬತ್ತು ಜನ ಕಂಬಳಿ ಹೊದ್ದು ಮಲಗಿದ್ದರು. ಅವರಿಗಾಗಿ ಯಾರೂ ಡಾಕ್ಟರನ್ನು ಕರೆಸಿರಲಿಲ್ಲ. ಅವರಲ್ಲಿ ಇಬ್ಬರು ಮಾತಿಗೆ ಸರಿಯಾಗಿ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ.

ಮನೆಯ ಯಜಮಾನರು ಹೇಳಿದ್ದು ಇದು: "ಈ ಜ್ವರಾನ ತಂದಿದ್ದೇ ಅವರು, ಡಾಕ್ಟ್ರೇ. ಅವರು ಬರೋ ಮುಂಚೆ ಮನೇಲಿ ಯಾರಿಗೂ ಏನೂ ಇರ್ಲಿಲ್ಲ." ಮುತ್ತಜ್ಜ ಇದನ್ನು ಒಪ್ಪಲಿಲ್ಲ, ಮತ್ತು ಒಪ್ಪದಿದ್ದುದೇ ಈ ಪ್ರಕರಣದಲ್ಲಿ ಅವರ ವೈದ್ಯಕೀಯ ಬುದ್ಧಿಯ ಅತ್ಯುತ್ತಮ ಗುರುತು ಎಂದು ನನ್ನ ಅಭಿಪ್ರಾಯ. ಗುಲ್ಮ ಅಷ್ಟು ದೊಡ್ಡದಾಗಲು ಮತ್ತೆ ಮತ್ತೆ ಸೋಂಕು ತಗಲಬೇಕು, ಅದಕ್ಕೆ ಒಂದು ಕೊಯ್ಲಿನ ಕಾಲ ಸಾಲದು. ಮಕ್ಕಳ ಗುಲ್ಮವನ್ನು ಮುಟ್ಟಿ ಒಂದು ಊರಿನ ಮಲೇರಿಯಾವನ್ನು ಅಳೆಯುವ ಪದ್ಧತಿ ಉತ್ತರ ಭಾರತದ ಕಾಲುವೆ ಸೀಮೆಗಳಲ್ಲಿ 19ನೆಯ ಶತಮಾನದ ನಡುವಿನಿಂದಲೇ ಇತ್ತು. ಹಾಗೆ ನೋಡಿದರೆ ರೋಗದ ಕಣಜ ಬಿಡಾರದಲ್ಲಿರಲಿಲ್ಲ, ಜಗಲಿಯಲ್ಲಿ ಆಡುತ್ತಿದ್ದ ಮಕ್ಕಳಲ್ಲಿತ್ತು. ಹುಟ್ಟಿದಾಗಿನಿಂದ ಜ್ವರದೊಡನೆ ಬೆಳೆದ ಅವರು ಅದನ್ನು ಮೈಯಲ್ಲಿಟ್ಟುಕೊಂಡೂ ಓಡಾಡುತ್ತಿದ್ದರು. ಹೊಸದಾಗಿ ಬಂದವರಿಗೆ ಆ ತಾಳಿಕೆ ಇರಲಿಲ್ಲ: ಆಳುಗಳು ಕೆಳಗಿನವರು, ಸೊಸೆಯೂ ಕೆಳಗಿನವಳು. ಆಳುಗಳು ಜ್ವರವನ್ನು ತಂದಿರಲಿಲ್ಲ, ಇಲ್ಲಿಗೆ ಬಂದು ಪಡೆದಿದ್ದರು. ದಿನಚರಿಯಲ್ಲಿ ಮಕ್ಕಳ ಗುಲ್ಮದ ಅಳತೆ, ಅದರ ಮುಂದೆ ಒಂದು ಗೆರೆ, ಗೆರೆಯ ಕೊನೆಗೆ ಬಿಡಾರ ಎಂಬ ಮಾತು ಇದೆ. ಗೆರೆಗೆ ಬಾಣದ ಗುರುತು ಇರುವುದು ಬಿಡಾರದ ಕಡೆಗೆ.

ಪೆಟ್ಟಿಗೆಯಲ್ಲಿ ಎರಡು ಔನ್ಸ್ ಕ್ವಿನೈನ್ ಸಲ್ಫೇಟ್ ಇತ್ತು. ಒಂದು ಔನ್ಸಿಗೆ 437½ ಗ್ರೇನ್, ಎರಡಕ್ಕೆ 875. ದೊಡ್ಡವರಿಗೆ ಹೊತ್ತಿಗೆ ಹತ್ತು ಗ್ರೇನಿನಂತೆ ದಿನಕ್ಕೆ ಮೂರು ಹೊತ್ತು, ಏಳು ದಿನ ಎಂದರೆ ಒಬ್ಬರಿಗೆ 210 ಗ್ರೇನ್. ಅಂದರೆ ಇದ್ದ ಔಷಧಿ ಪೂರ್ತಿಯಾಗಿ ಸಾಲುವುದು ನಾಲ್ಕು ಜನಕ್ಕೆ. ಬೇಕಿದ್ದವರು ಹತ್ತು ಜನ ದೊಡ್ಡವರು, ಮೂರು ಮಕ್ಕಳು. ಎಲ್ಲರಿಗೂ ಸಮನಾಗಿ ಹಂಚಿದರೆ ಯಾರಿಗೂ ವಾಸಿಯಾಗುವಷ್ಟು ಸಿಗುವುದಿಲ್ಲ. ಮುತ್ತಜ್ಜ ಸೊಸೆಗೂ ತೀರಾ ಕೆಟ್ಟ ಸ್ಥಿತಿಯಲ್ಲಿದ್ದ ಇಬ್ಬರು ಆಳುಗಳಿಗೂ ಪೂರ್ತಿ ಏಳು ದಿನದ್ದನ್ನು ಎತ್ತಿಟ್ಟರು: 630. ಮಕ್ಕಳಿಗೆ ಹೊತ್ತಿಗೆ ಮೂರು ಗ್ರೇನಿನಂತೆ ಏಳು ದಿನಕ್ಕೆ 189. ಉಳಿದದ್ದು 56. ಅದನ್ನು ಉಳಿದ ಏಳು ಆಳುಗಳಿಗೆ ತಲಾ ಎಂಟು ಗ್ರೇನಿನಂತೆ ಆ ರಾತ್ರಿಯೇ ಒಂದೇ ಹೊತ್ತು ಕುಡಿಸಿ, ಹೆಚ್ಚಿನ ಔಷಧಿಗೆ ಚೀಟಿ ಬರೆದು ಬೆಳಗಿನ ಜಾವ ಜವಾನನನ್ನು ಕಳಿಸಿದರು. ಮನೆಯ ಔಷಧಿಯನ್ನು ಬಿಡಾರಕ್ಕೆ ಹಂಚಿದ್ದಕ್ಕೆ ಯಜಮಾನರಿಗೆ ಅಸಮಾಧಾನವಾಯಿತೆಂದು ಮೊಮ್ಮಗಳು ಹೇಳಿದರು. ದಿನಚರಿಯಲ್ಲಿ ಅದರ ಸುಳಿವಿಲ್ಲ.

ಔಷಧಿ ತಯಾರಾದ ಬಗೆಯನ್ನು ಇಲ್ಲಿ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಕ್ವಿನೈನ್ ಸಲ್ಫೇಟ್ ಬರಿ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಗ್ರೇನಿಗೊಂದು ಹನಿಯಂತೆ ದುರ್ಬಲ ಗಂಧಕಾಮ್ಲ ಬೆರೆಸಿದರೆ ಪುಡಿ ಕರಗಿ ನೀರು ತಿಳಿಯಾಗುತ್ತದೆ, ಕಹಿ ಮಾತ್ರ ನಾಲಗೆಯ ಬುಡದವರೆಗೆ ಇಳಿಯುತ್ತದೆ. ಆ ಮಿಶ್ರಣವನ್ನು ಬಾಟಲಿಗೆ ತುಂಬಿ, ಬಾಟಲಿಯ ಹೊರಮೈಗೆ ಕಾಗದದ ಒಂದು ಉದ್ದನೆಯ ಪಟ್ಟಿಯನ್ನು ಅಂಟಿಸುತ್ತಿದ್ದರು. ಪಟ್ಟಿಯ ಎರಡೂ ಅಂಚನ್ನು ಕತ್ತರಿಯಿಂದ ಗರಗಸದ ಹಲ್ಲಿನಂತೆ ಕತ್ತರಿಸಿರುತ್ತಿದ್ದರು. ಒಂದು ಹಲ್ಲು ಒಂದು ಹೊತ್ತಿನ ಔಷಧಿ. ಓದು ಬಾರದವರೂ ಹಲ್ಲು ಎಣಿಸಿ ಕುಡಿಸಬಹುದಿತ್ತು. ಔಷಧಾಲಯಕ್ಕೆ ಬರುವವರು ಬಾಟಲಿಯನ್ನು ತಾವೇ ತರಬೇಕಿತ್ತು. ಬಾಟಲಿಯಿಲ್ಲದೆ ಬಂದು ಬಿದಿರಿನ ಅಂಡೆಯಲ್ಲಿ ಔಷಧಿ ಕೇಳಿದವರ ಪ್ರಸ್ತಾಪ ದಿನಚರಿಯಲ್ಲಿ ಎರಡು ಕಡೆ ಇದೆ. ಅಂಡೆಗೆ ಹಲ್ಲಿನ ಪಟ್ಟಿ ಅಂಟಿಸಿದರೂ ಒಳಗಿನದು ಕಾಣುವುದಿಲ್ಲವಲ್ಲ.

ಸೊಸೆಯ ಬಾಟಲಿಯನ್ನು ಮುತ್ತಜ್ಜ ಕೊಟ್ಟದ್ದು ಯಜಮಾನರ ಕೈಗೆ. ಕುಡಿಸಬೇಕಾಗಿದ್ದವರು ಅವರ ತಾಯಿ. ಬಸುರಿಗೆ ಕ್ವಿನೈನ್ ಕೊಟ್ಟರೆ ಗರ್ಭ ಇಳಿಯುತ್ತದೆಂಬ ಮಾತು ಆಗ ಎಲ್ಲ ಕಡೆ ಇತ್ತು, ವೈದ್ಯರಲ್ಲೂ ಇತ್ತು. ಆ ಮುದುಕಿ ಒಳಗಿನ ಬಾಗಿಲ ಮರೆಯಿಂದಲೇ ಕೇಳಿದರಂತೆ: "ಇದರಿಂದ ಹೊಟ್ಟೇಲಿರೋದಕ್ಕೆ ಏನೂ ಆಗಲ್ವಾ?" ಮುತ್ತಜ್ಜ "ಏನೂ ಆಗುವುದಿಲ್ಲ ಅಮ್ಮಾ, ಧೈರ್ಯವಾಗಿ ಕೊಡಿ" ಎಂದರು. ಗಂಜಿಗೆ ಬೆಲ್ಲ ಹಾಕಿ ಎರಡು ಗಳಿಗೆಗೊಮ್ಮೆ ಕುಡಿಸಬೇಕೆಂದೂ, ಕಿವಿ ಗುಂಯ್ ಎಂದರೆ ಹೆದರಬಾರದೆಂದೂ ಹೇಳಿದರು. ಎರಡು ದಿನ ಅಲ್ಲೇ ಉಳಿದರು. ಮೂರನೆಯ ದಿನಕ್ಕೆ ಜ್ವರ ಇಳಿಯಿತು. ಇನ್ನೊಂದು ಊರಿನಿಂದ ಕರೆ ಬಂದದ್ದರಿಂದ ಅವರು ಹೊರಟರು. ಐದನೆಯ ದಿನ ರಾತ್ರಿ ಸೊಸೆಗೆ ಗರ್ಭಪಾತವಾಯಿತು.

ಬಾಟಲಿಯಲ್ಲಿ ಆಗ ಎಂಟು ಹಲ್ಲಿನಷ್ಟು ಔಷಧಿ ಉಳಿದಿತ್ತು. ಮುದುಕಿ ಅದನ್ನು ಚೆಲ್ಲಲಿಲ್ಲ, ಯಾರಿಗೂ ಕೊಡಲೂ ಇಲ್ಲ, ಅಟ್ಟದ ಮೇಲಿಟ್ಟರು. ಮಕ್ಕಳ ಔಷಧಿಯೂ ಅಂದಿನಿಂದ ನಿಂತಿತು. ಜವಾನ ಮೂರು ದಿನ ತಡವಾಗಿ ತಂದ ಹೆಚ್ಚಿನ ಕ್ವಿನೈನ್ ಪೊಟ್ಟಣ ಬಿಡಾರಕ್ಕೇ ಹೋಗಲಿಲ್ಲ, ಯಜಮಾನರು ಅದನ್ನು ಹಾಗೆಯೇ ಹಿಂದಕ್ಕೆ ಕಳಿಸಿದರು. ಪೂರ್ತಿ ಔಷಧಿ ಕುಡಿದ ಇಬ್ಬರು ಆಳುಗಳು ಎದ್ದು ಓಡಾಡಿದರು. ಒಂದೇ ಹೊತ್ತು ಕುಡಿದ ಏಳು ಜನರಿಗೂ ಜ್ವರ ಮರುಕಳಿಸಿತು. ಅವರಲ್ಲೊಬ್ಬ ಊರಿಗೆ ಹೊರಟು ಘಟ್ಟ ಇಳಿಯುವಾಗಲೇ ತೀರಿಕೊಂಡನೆಂಬ ಸುದ್ದಿ ತಿಂಗಳ ನಂತರ ಔಷಧಾಲಯಕ್ಕೆ ಮುಟ್ಟಿತು. ಸೊಸೆಗೆ ಮೂರು ವಾರಕ್ಕೆ ಮತ್ತೆ ಚಳಿ ಬಂದು, ಅವಳನ್ನು ತೌರಿಗೆ ಕಳಿಸಿದರು. ಅವಳು ಬದುಕಿದಳು. ನನಗೆ ಈ ಕಥೆ ಹೇಳಿದವರು ಅವಳ ಮೊಮ್ಮಗಳು.

ಇಂದಿನ ತಿಳಿವಳಿಕೆಯಿಂದ ನೋಡಿದರೆ ಗರ್ಭಪಾತಕ್ಕೆ ಕ್ವಿನೈನನ್ನು ದೂರುವುದು ಕಷ್ಟ. ಮಲೇರಿಯಾದ ಫಾಲ್ಸಿಪಾರಂ ಪರಾವಲಂಬಿ ಹೊಕ್ಕ ರಕ್ತಕಣಗಳು ಮಾಸಿನಲ್ಲಿ (ಜರಾಯುವಿನಲ್ಲಿ) ಬಂದು ಅಂಟಿಕೊಳ್ಳುತ್ತವೆ. ಚೊಚ್ಚಲ ಬಸುರಿಯರಲ್ಲಿ, ಅದರಲ್ಲೂ ರೋಗದ ತಾಳಿಕೆಯಿಲ್ಲದವರಲ್ಲಿ, ಗರ್ಭ ಹೋಗುವ ಅಪಾಯ ಬಹಳ ಹೆಚ್ಚು. ಮೂರು ವಾರದ ಜ್ವರವೊಂದೇ ಅದಕ್ಕೆ ಸಾಕು. ಚಿಕಿತ್ಸೆಯ ಪ್ರಮಾಣದಲ್ಲಿ ಕೊಟ್ಟ ಕ್ವಿನೈನ್ ಗರ್ಭವನ್ನು ಇಳಿಸುವುದಿಲ್ಲವೆಂಬುದು ಆಮೇಲೆ ಸ್ಪಷ್ಟವಾಯಿತು. ಗರ್ಭಿಣಿಯರಿಗೂ ಮಲೇರಿಯಾಕ್ಕೆ ಅದನ್ನು ದಶಕಗಳ ಕಾಲ ಕೊಡುತ್ತಿದ್ದರು, ಮತ್ತು ಮೊದಲ ಮೂರು ತಿಂಗಳಿನವರಿಗೆ ವಿಶ್ವ ಆರೋಗ್ಯ ಸಂಸ್ಥೆ ಅದರ ಬದಲು ಆರ್ಟಿಮೆಥರ್-ಲ್ಯೂಮೆಫ್ಯಾಂಟ್ರಿನ್ ಎಂದು ಸೂಚಿಸಿದ್ದು 2022ರಲ್ಲಷ್ಟೇ. ಕ್ವಿನೈನಿನ ನಿಜವಾದ ಅಪಾಯ ಬೇರೆ: ಅದು ರಕ್ತದ ಸಕ್ಕರೆಯನ್ನು ಇಳಿಸುತ್ತದೆ, ಗರ್ಭಿಣಿಯರಲ್ಲಿ ಇನ್ನೂ ಹೆಚ್ಚಾಗಿ. ಮುತ್ತಜ್ಜನಿಗೆ ಅದು ಗೊತ್ತಿರಲು ಸಾಧ್ಯವಿಲ್ಲ. ಆದರೂ ಬೆಲ್ಲದ ಗಂಜಿಯನ್ನು ಎರಡು ಗಳಿಗೆಗೊಮ್ಮೆ ಕುಡಿಸಲು ಹೇಳಿದ್ದು ಆ ಹುಡುಗಿಯನ್ನು ಉಳಿಸಿದ ಕಾರಣಗಳಲ್ಲಿ ಒಂದಾಗಿರಬಹುದು. ಜ್ವರ ಮರುಕಳಿಸಿದ್ದಕ್ಕೆ ಎರಡು ವಿವರಣೆ ಸಾಧ್ಯ: ಏಳು ದಿನದ ಔಷಧಿ ಪೂರ್ತಿಯಾಗದೆ ಫಾಲ್ಸಿಪಾರಂ ಉಳಿದದ್ದು, ಇಲ್ಲವೆ ಪಿತ್ತಜನಕಾಂಗದಲ್ಲಿ ಅಡಗಿ ಕೂರುವ ವೈವಾಕ್ಸ್ ಜಾತಿ ಜೊತೆಗಿದ್ದದ್ದು; ಹಾಗೆ ಅಡಗಿ ಕೂತದ್ದನ್ನು ಕ್ವಿನೈನ್ ಮುಟ್ಟುವುದೇ ಇಲ್ಲ. ಸೂಕ್ಷ್ಮದರ್ಶಕವಿಲ್ಲದ ಔಷಧಾಲಯದಲ್ಲಿ ಇದನ್ನು ತೀರ್ಮಾನಿಸುವ ಉಪಾಯ ಇರಲಿಲ್ಲ.

ಹೀಗೆ ಔಷಧಿ ಸರಿ, ಪ್ರಮಾಣ ಸರಿ, ಇದ್ದ ಔಷಧಿಯ ಹಂಚಿಕೆಯೂ ಆ ಸ್ಥಿತಿಯಲ್ಲಿ ಸಮರ್ಥಿಸಬಹುದಾದದ್ದು. ತಪ್ಪಾದದ್ದು ಬಾಗಿಲ ಮರೆಯಿಂದ ಬಂದ ಪ್ರಶ್ನೆಗೆ ಕೊಟ್ಟ ಉತ್ತರ. ಮೂರು ವಾರ ಜ್ವರದಲ್ಲಿ ಬೆಂದ ಬಸುರಿಗೆ ಔಷಧಿ ಕೊಟ್ಟರೂ ಕೊಡದಿದ್ದರೂ ಗರ್ಭ ಹೋಗಬಹುದೆಂಬುದು ಮುತ್ತಜ್ಜನಿಗೆ ತಿಳಿದಿತ್ತು. ದಿನಚರಿಯ ಮೊದಲ ದಿನದ ಬರಹದಲ್ಲೇ ಆ ಶಂಕೆ ಇದೆ. ಅದನ್ನು ಮುದುಕಿಗೆ ಹೇಳಿದ್ದರೆ ಅವರು ಔಷಧಿ ಕೊಡಲು ಹಿಂಜರಿಯುತ್ತಿದ್ದರೆಂದು ಮುತ್ತಜ್ಜ ಯೋಚಿಸಿರಬೇಕು. ನಾನೂ ನನ್ನ ನೌಕರಿಯಲ್ಲಿ ಇಂಥ ಉತ್ತರವನ್ನು ಕೊಟ್ಟಿದ್ದೇನೆ, ಹಾಗಾಗಿ ಮುತ್ತಜ್ಜನ ಮೇಲೆ ಕೋಪ ಬರುವುದಿಲ್ಲ. ಆದರೆ ಆ ಮನೆಯಲ್ಲಿ ಯಾರು ಏನನ್ನು ನುಂಗಬೇಕೆಂದು ನಿರ್ಧರಿಸುತ್ತಿದ್ದವರು ಜಗಲಿಯಲ್ಲಿ ಕುಳಿತ ಯಜಮಾನರಲ್ಲ, ಒಳಗಿದ್ದ ಆ ಮುದುಕಿ. "ಏನೂ ಆಗುವುದಿಲ್ಲ" ಎಂಬ ಮಾತು ಸುಳ್ಳಾದ ದಿನ, ಮೂರು ಮಕ್ಕಳ ಔಷಧಿ, ಏಳು ಆಳುಗಳ ಔಷಧಿ, ಮುಂದಿನ ವರ್ಷಗಳ ಔಷಧಿ ಎಲ್ಲವೂ ಒಂದೇ ಏಟಿಗೆ ನಿಂತವು. ಎರಡು ಔನ್ಸನ್ನು ಗ್ರೇನು ಗ್ರೇನಾಗಿ ಎಣಿಸಿದವರು ಆ ಒಬ್ಬರನ್ನು ಎಣಿಸಲಿಲ್ಲ.

ಇದೇ ಮನೆಯ ಅಟ್ಟದ ಮೇಲೆ ಆಗ ಮೈಲುತುತ್ತದ ಚೀಲವಿತ್ತು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಮೈಸೂರು ಸರ್ಕಾರದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿಗೆ ತೋರಿಸಿಕೊಟ್ಟು ಆಗಿನ್ನೂ ಹತ್ತು ವರ್ಷ ಆಗಿರಲಿಲ್ಲ. ಮೊದಮೊದಲು ಅದಕ್ಕೂ ಅನುಮಾನವಿತ್ತು. ಆದರೆ ಸಿಂಪಡಿಸಿದ ಮರವೂ ಸಿಂಪಡಿಸದ ಮರವೂ ಒಂದೇ ತೋಟದಲ್ಲಿ ಅಕ್ಕಪಕ್ಕ ನಿಂತಿರುತ್ತಿದ್ದವು, ಮಳೆಗಾಲ ಮುಗಿದಾಗ ಯಾವುದರ ಅಡಿಕೆಗೊನೆ ಉದುರಿತು, ಯಾವುದರದು ಉಳಿಯಿತು ಎಂದು ಯಾರು ಬೇಕಾದರೂ ನೋಡಬಹುದಿತ್ತು. ಯಜಮಾನರು ಮೈಲುತುತ್ತವನ್ನು ತಾವೇ ತಕ್ಕಡಿಯಲ್ಲಿ ತೂಗಿ ಕೊಡುತ್ತಿದ್ದರಂತೆ, ಆಳಿನ ಕೈಗೆ ಬಿಡುತ್ತಿರಲಿಲ್ಲ. ಕ್ವಿನೈನಿಗೆ ಅಂಥ ಸಾಕ್ಷಿ ಹೇಳುವ ಮರ ಯಾವುದೂ ಇರಲಿಲ್ಲ. ಕೆಟ್ಟದ್ದಾದರೆ ಔಷಧಿಯ ಹೆಸರು, ಒಳ್ಳೆಯದಾದರೆ ಹರಕೆಯ ಹೆಸರು.

ಹಳ್ಳದಂಚಿನ ಹುಲ್ಲಿನ ವಿಷಯಕ್ಕೆ ಮುತ್ತಜ್ಜನ ಕಾಲದಲ್ಲಿ ಮುಂದುವರಿಕೆ ಇರಲಿಲ್ಲ. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರು ಸಂಸ್ಥಾನದಲ್ಲಿ ಮಲೇರಿಯಾದ ಕ್ರಮಬದ್ಧ ಅಧ್ಯಯನ ಶುರುವಾದದ್ದು 1920ರ ದಶಕದ ಕೊನೆಗೆ. ಮಲೆನಾಡಿನ ಅಧ್ಯಯನ ಕೇಂದ್ರ ಮೂಡಿಗೆರೆಯಲ್ಲಿತ್ತು. ಮನೆಯ ಗೋಡೆಗೆ ಡಿಡಿಟಿ ಹೊಡೆಯುವವರು ಬಂದದ್ದು ಅದಕ್ಕೂ ಎಷ್ಟೋ ವರ್ಷಗಳ ನಂತರ, ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದದ್ದು 1953ರಲ್ಲಿ.

ಆ ಮನೆಯ ಹೆಸರು ದಿನಚರಿಯಲ್ಲಿ ಇನ್ನೊಂದೇ ಸಲ ಬರುತ್ತದೆ, ಎರಡು ಕೊಯ್ಲು ಕಳೆದ ಮೇಲೆ. ನಡುವಿನ ಹುಡುಗನಿಗೆ ಜ್ವರ ನೆತ್ತಿಗೇರಿ ಮಾತು ತೊದಲುತ್ತಿತ್ತು. ಆಳು ಬಂದದ್ದು ಯಜಮಾನರು ಕಳಿಸಿದ್ದರಿಂದಲ್ಲ, ಮುದುಕಿ ಕಳಿಸಿದ್ದರಿಂದ. ಅವರು ಒಂದು ಪ್ರಶ್ನೆಯನ್ನೂ ಕೇಳಿಸಿದ್ದರು: ಇದನ್ನು ಕೊಟ್ಟರೆ ಏನಾಗಬಹುದು, ಕೊಡದಿದ್ದರೆ ಏನಾಗಬಹುದು, ಎರಡನ್ನೂ ಹೇಳಿ ಕಳಿಸಬೇಕು. ಮುತ್ತಜ್ಜ ಎರಡನ್ನೂ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು, ಶಾನುಭೋಗರ ಕೈಲಿ ಓದಿಸಬೇಕೆಂದು ಹೇಳಿ ಕೊಟ್ಟರು. ಆಳು ಬಾಟಲಿ ತಂದಿದ್ದ. ಅದರ ಮೈಮೇಲೆ ಹಲ್ಲಿನ ಹಳೆಯ ಪಟ್ಟಿ ಹಾಗೆಯೇ ಇತ್ತು, ಒಳಗೆ ಎಂಟು ಹಲ್ಲಿನಷ್ಟು ಔಷಧಿಯೂ ಇತ್ತು. ಕಾಂಪೌಂಡರ್ ಅದನ್ನು ಚೆಲ್ಲಿ, ತೊಳೆದು, ಹೊಸ ಪಟ್ಟಿ ಅಂಟಿಸಿ ತುಂಬಿಕೊಟ್ಟ.